ನಿಂತು ಉಣ್ಣೋ ಹಬ್ಬ

ನೋಡಿ, ಹಬ್ಬ ಹೇಗೆ ಹುಟ್ಟುತ್ತೆ ಅಂತ ತಿಳಿದವರು ದಪ್ಪ ದಪ್ಪ ಪುಸ್ತಕ ಬರೆದಿದಾರಂತೆ. ಬರೀಲಿ ಪಾಪ, ಅವರಿಗೂ ಹೊಟ್ಟೆಪಾಡು. ಆದ್ರೆ ಒಂದು ಹಬ್ಬ ಹುಟ್ಟೋ ಹೊತ್ತಲ್ಲಿ ಅದೇ ರೂಮಲ್ಲಿ ತಟ್ಟೆ ಹಿಡ್ಕೊಂಡು ನಿಂತಿದ್ದೆ ಅಂತ ಹೇಳೋ ಯೋಗ್ಯತೆ ಅವರಲ್ಲಿ ಯಾರಿಗಿದೆ? ನನಗಿದೆ. ಬರೀ ನಿಂತಿದ್ದಲ್ಲ ಸ್ವಾಮಿ, ಆ ಹಬ್ಬಕ್ಕೆ ಸ್ಕೆಚ್ ಹಾಕಿ, ಮುಹೂರ್ತ ಇಟ್ಟು, ಕ್ಲೈಮ್ಯಾಕ್ಸ್‌ವರೆಗೂ ನಡೆಸಿದ ಗಂಡು ನನಗೆ ತುಂಬಾ ಹತ್ತಿರದವನು. ಎಷ್ಟು ಹತ್ತಿರ ಅಂದ್ರೆ ಅವನಿಗೆ ಹಸಿವಾದ್ರೆ ನನ್ನ ಹೊಟ್ಟೆ ಚುರುಗುಟ್ಟುತ್ತೆ. ಮನೆಯಲ್ಲಿ ಅವನನ್ನ ಕಟೌಟ್ ಅಂತಾರೆ. ಎತ್ತರ ನೋಡಿ ಇಟ್ಟ ಹೆಸರು ಅಂತ ಅವನು ಹೇಳ್ಕೊಂಡು ತಿರುಗ್ತಾನೆ. ಕೆಲಸ ಹೇಳಿದಾಗ ಅಲ್ಲಾಡದೆ ನಿಂತಿರ್ತಾನಲ್ಲ, ಅದನ್ನ ನೋಡಿ ಇಟ್ಟಿದ್ದು ಅಂತ ಅವನ ಅಪ್ಪ ಹೇಳ್ತಾನೆ. ಎರಡನ್ನೂ ಕೇಳ್ಕೊಳ್ಳಿ, ಮೊದಲನೇದನ್ನ ನಂಬಿ.

ಆದ್ರೆ ಕಥೆ ಅವನ ಅಜ್ಜಿದು. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬೇಕಾದ್ರೆ ನೀವೇ ಹಾಕ್ಕೊಳ್ಳಿ, ಅಜ್ಜಿ ಎಂಟ್ರಿ ಕೊಡ್ತಾ ಇದಾಳೆ. ನಿಧಾನಕ್ಕೆ ಕೊಡ್ತಾಳೆ. ಮಂಡಿ ನೋವು.

ಅಜ್ಜಿ ಮನೆಯವರದು ಬಾಡಿಗೆ ಕುರ್ಚಿ ಅಂಗಡಿ. ಮದುವೆ, ಸಭೆ, ಸನ್ಮಾನ, ಸಾವು, ಏನೇ ಇರಲಿ, ನಾಲ್ಕು ಜನ ಸೇರ್ತಾರೆ ಅಂದ್ರೆ ಇವರ ಕುರ್ಚಿ ಹೋಗಬೇಕು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ತುಂಬಾ ಮಡಚಿದ ಕುರ್ಚಿಗಳು ಒಂದರ ಬೆನ್ನಿಗೆ ಒಂದು ಒರಗಿಕೊಂಡು, ಮೊದಲ ಶೋ ಟಿಕೆಟ್‌ಗೆ ಕ್ಯೂ ನಿಂತ ಹಾಗೆ ನಿಂತಿರ್ತವೆ. ಒಳಗೆ ಕಾಲಿಟ್ರೆ ತುಕ್ಕು, ವಾರ್ನಿಶ್, ಒಗೆದು ಮಡಚಿಟ್ಟ ಮೇಜುಬಟ್ಟೆ, ಮೂರೂ ಕಲೆತ ವಾಸನೆ. ಆ ಮನೆಯಲ್ಲಿ ಹುಟ್ಟಿದವರಿಗೆ ಬೇರೆ ಎಲ್ಲಿ ಆ ವಾಸನೆ ಬಂದ್ರೂ ಹಸಿವಾಗುತ್ತೆ.

ಅಂಗಡಿ ಶುರು ಮಾಡಿದ್ದು ಅಜ್ಜ. ಹೊರಗೆ ಹೋದ ಕುರ್ಚಿ ವಾಪಸ್ ಬಂದ ಮೇಲೆ ಒರೆಸೋದು ಅಜ್ಜಿ ಕೆಲಸ. ಒರೆಸ್ತಾ ಒರೆಸ್ತಾ ಆ ಸಮಾರಂಭದ ಕಥೆನೇ ಹೇಳಿಬಿಡ್ತಿದ್ಲು. ಸೀಟಿನ ಕೆಳಗೆ ಚೂಯಿಂಗ್ ಗಮ್ ಅಂಟಿದ್ರೆ ಭಾಷಣ ಉದ್ದ ಆಗಿದೆ. ಮುಂದಿನ ಸಾಲಿನ ಕುರ್ಚಿ ಧೂಳು ಹಿಡಿದು ಬಂದ್ರೆ ಕರೆದ ದೊಡ್ಡ ಮನುಷ್ಯರು ಕೈ ಕೊಟ್ಟಿದಾರೆ. ಎರಡು ಕುರ್ಚಿ ಕಾಲಿಗೆ ಕಾಲು ಸಿಕ್ಕಿಹಾಕಿಕೊಂಡು ಬಂದ್ರೆ, ಅಲ್ಲಿ ಯಾರಿಗೋ ಯಾರೋ ಇಷ್ಟ ಆಗಿದಾರೆ. ಇದನ್ನ ಹೇಳೋವಾಗ ಮಾತ್ರ ಅಜ್ಜಿ ಅಜ್ಜನ ಕಡೆ ನೋಡ್ತಿರಲಿಲ್ಲ.

ಅಜ್ಜಿಗೆ ಇನ್ನೊಂದು ಅಭ್ಯಾಸ. ಯಾವ ಕುರ್ಚಿ ಆದ್ರೂ ಸರಿ, ಕೂರೋ ಮುಂಚೆ ಅದರ ಬೆನ್ನ ಮೇಲೆ ಅಂಗೈ ಇಟ್ಟು ಒಂದ್ಸಲ ಅಲ್ಲಾಡಿಸಿ ನೋಡ್ತಾಳೆ. ನೆಂಟರ ಮನೇಲೂ ಅಷ್ಟೇ, ಸಿನಿಮಾ ಥಿಯೇಟರಲ್ಲೂ ಅಷ್ಟೇ. ಅಜ್ಜಿ, ಅದನ್ನ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರ್ತಾರೆ ಅಂತ ಕಟೌಟ್ ಹೇಳಿದ್ರೆ, ಬಿಗಿದವನು ನನ್ನ ಸೋದರಮಾವನಾ ಅಂತ ಕೇಳ್ತಾಳೆ.

ಅಂಗಡಿಗೆ ಅಜ್ಜ ಮಾಡಿಟ್ಟ ಒಂದು ಕಾನೂನಿತ್ತು. ಬಾಗಿಲ ಪಕ್ಕ ಇಟ್ಟ ಕುರ್ಚಿ ಅಂದ್ರೆ ಹೊರಗೆ ಹೋಗೋ ಕುರ್ಚಿ. ಕೇಳೋ ಹಾಗಿಲ್ಲ, ನೋಡೋ ಹಾಗಿಲ್ಲ, ಎತ್ತಿ ಗಾಡಿಗೆ ಹಾಕೋದು. ಮೆಟ್ಟಿಲ ಕೆಳಗೆ ಇಟ್ಟ ಕುರ್ಚಿ ಅಂದ್ರೆ ಎಲ್ಲಿಗೂ ಹೋಗದ ಕುರ್ಚಿ. ಅಲ್ಲಿ ಇದ್ದಿದ್ದು ಒಂದೇ. ಅಜ್ಜ ಮಾಡಿಸಿದ ಮೊದಲ ಮರದ ಕುರ್ಚಿಗಳಲ್ಲಿ ಒಂದು, ಹಿಂದಿನ ಒಂದು ಕಾಲು ಬೆರಳಗಲ ಗಿಡ್ಡ. ಮನೆಯವರೆಲ್ಲ ಅದನ್ನ ಕುಂಟು ಕುರ್ಚಿ ಅಂತಿದ್ರು. ಊರಿನ ಅರ್ಧ ಕುರ್ಚಿ ರಿಪೇರಿ ಮಾಡಿದ ಅಜ್ಜ ಅದೊಂದನ್ನ ಮಾತ್ರ ರಿಪೇರಿ ಮಾಡಲಿಲ್ಲ. ಕೇಳಿದ್ರೆ, ಮಾಡೋಣ ಬಿಡು ಅಂತಿದ್ದ. ಸೋಮಾರಿತನ ಅಂತ ಮನೆಯವರು ಮಾತಾಡ್ಕೊಂಡ್ರು. ಕಟೌಟ್ ಅಂತೂ ಆ ಗುಣ ತನಗೆ ಯಾರಿಂದ ಬಂತು ಅನ್ನೋದಕ್ಕೆ ಅದನ್ನೇ ಸಾಕ್ಷಿ ಮಾಡ್ಕೊಂಡ.

ಈಗ ಹಬ್ಬದ ವಿಷಯಕ್ಕೆ ಬರ್ತೀನಿ. ವರ್ಷಕ್ಕೊಂದು ದೊಡ್ಡ ಹಬ್ಬ ಇರುತ್ತಲ್ಲ. ಯಾವುದು ಅಂತ ಯಾಕೆ, ನಿಮ್ಮ ಮನೆಯಲ್ಲಿ ಯಾವ ಹಬ್ಬಕ್ಕೆ ಜನ ಬಂದು ಕುರ್ಚಿ ಸಾಲಲ್ವೋ ಅದೇ ಅಂದ್ಕೊಳ್ಳಿ. ಆ ದಿನ ಇವರ ಮನೆಯಲ್ಲಿ ಎಲ್ಲರೂ ನಿಂತೇ ಊಟ ಮಾಡ್ತಾರೆ. ಮೇಲಿನ ಮುಂದಿನ ರೂಮಲ್ಲಿ, ಮಧ್ಯಾಹ್ನ, ಬಿಸಿಬಿಸಿ ಅಡುಗೆ, ಹೊಸ ಬಟ್ಟೆ, ಕೈಯಲ್ಲಿ ತಟ್ಟೆ. ಕುರ್ಚಿ ಬಾಡಿಗೆಗೆ ಕೊಡೋ ಮನೆಯಲ್ಲಿ ಒಬ್ಬರೂ ಕೂರಲ್ಲ.

ಎಲ್ಲರಿಗೂ ಅವರವರ ಜಾಗ ಇತ್ತು. ಬೀದಿ ಕಡೆ ಕಿಟಕಿಗೆ ಅಗಲವಾದ ಕಟ್ಟೆ, ಅದರ ಎಡಗಡೆ ಅಜ್ಜ, ಬಲಗಡೆ ಅಜ್ಜಿ. ಮಗ, ಅಂದ್ರೆ ಕಟೌಟ್‌ನ ಅಪ್ಪ, ಹೊಲಿಗೆ ಮೆಷಿನ್ ಹತ್ತಿರ. ಸೊಸೆ ಬೀರು ಪಕ್ಕ, ಯಾಕಂದ್ರೆ ಬಡಿಸೋಕೆ ಅಡುಗೆಮನೆ ಬಾಗಿಲು ಹತ್ತಿರ. ಹಬ್ಬಕ್ಕೆ ಬರೋ ಮಗಳು ಅಳಿಯ ಪುಸ್ತಕದ ಕಪಾಟಿನ ಮುಂದೆ, ಒಂದೇ ಹಲಗೆ ಮೇಲೆ ಎರಡು ತಟ್ಟೆ ಇಟ್ಕೊಂಡು, ವರ್ಷವಿಡೀ ಆಡದ ಜಗಳ ಆಡ್ಕೊಂಡು. ಕಟೌಟ್ ಚಿಕ್ಕವನಿದ್ದಾಗ ಅವನ ತಟ್ಟೆ ಟ್ರಂಕಿನ ಮೇಲೆ. ಆಮೇಲೆ ಅಕ್ಕಿ ಡ್ರಮ್ಮಿನ ಮೇಲೆ. ಆಮೇಲೆ ಹಳೇ ಡಬ್ಬಾ ಟಿವಿ ಮೇಲೆ. ಈಗ ಫ್ರಿಜ್ ಮೇಲೆ. ಬೇರೆ ಮನೇಲಿ ಮಕ್ಕಳು ಬೆಳೆದಿದ್ದನ್ನ ಗೋಡೆ ಮೇಲೆ ಗೆರೆ ಎಳೆದು ಅಳೀತಾರೆ. ಈ ಮನೇಲಿ ಹಬ್ಬದ ದಿನ ತಟ್ಟೆ ಎಲ್ಲಿಟ್ಟ ಅನ್ನೋದ್ರಲ್ಲಿ ಅಳೆದ್ರು.

ಇದು ಯಾಕೆ ಶುರುವಾಯ್ತು ಅಂತ ಯಾರಾದ್ರೂ ಕೇಳಿದ್ರೆ ಅಜ್ಜ ಎದೆ ಸೆಟೆಸಿ ಹೇಳ್ತಿದ್ದ: ಅಂಗಡಿ ಹೊಸದರಲ್ಲಿ ಒಂದು ವರ್ಷ ಹಬ್ಬಕ್ಕೆ ಊರಿಗೆ ಊರೇ ನಮ್ಮ ಕುರ್ಚಿ ಮೇಲೆ ಕೂತಿತ್ತು, ನಮಗೇ ಒಂದೂ ಉಳೀಲಿಲ್ಲ, ಊರು ಕೂರಲಿ ಅಂತ ನಾವು ನಿಂತ್ವಿ. ಸೂಪರ್ ಡೈಲಾಗ್. ಶಿಳ್ಳೆ ಬೀಳಬೇಕು ಅಂಥದ್ದು. ಅಜ್ಜ ಅದನ್ನ ಹೇಳಿದಾಗೆಲ್ಲ ಅಜ್ಜಿ ಮಾತ್ರ ಸೆರಗಲ್ಲಿ ಇಲ್ಲದ ನೂಲು ಹುಡುಕ್ತಾ ಇರ್ತಿದ್ಲು.

ಅಜ್ಜ ಹೋದ ಮೇಲಿನ ಹಬ್ಬಗಳಲ್ಲೂ ಅಜ್ಜಿ ಅದೇ ಬಲಗಡೆ ನಿಂತ್ಲು. ಎಡಗಡೆ ಕಟ್ಟೆ ಮೇಲೆ ಯಾರೂ ಲೋಟ ಕೂಡ ಇಡ್ತಿರಲಿಲ್ಲ. ಇಡಬೇಡಿ ಅಂತ ಯಾರೂ ಹೇಳಿರಲಿಲ್ಲ.

ಕಳೆದ ವರ್ಷ ಮಂಡಿ ಕೈ ಕೊಡ್ತು. ಮೆಟ್ಟಿಲ ಮೇಲೆ ಅಜ್ಜಿ ಒಂದ್ಸಲ ಕುಸಿದು ಕೂತ್ಲು. ಮಗ ಹೆದರಿಬಿಟ್ಟ. ಗಾಡಿ ಓಡಿಸೋಕೆ ಕಟೌಟ್, ಧೈರ್ಯಕ್ಕೆ ಹೆಂಡತಿ, ಹೀಗೆ ಪಟಾಲಂ ಕಟ್ಕೊಂಡು ಅಜ್ಜಿನ ಡಾಕ್ಟರ್ ಹತ್ತಿರ ಕರ್ಕೊಂಡು ಹೋದ. ಚಿಕ್ಕ ರೂಮು, ಹಸಿರು ಪರದೆ, ಗೋಡೆ ಮೇಲೆ ಮಂಡಿಚಿಪ್ಪಿನ ಚಿತ್ರ. ಡಾಕ್ಟರು ಕೂತ್ಕೊಳ್ಳಿ ಅಂದ. ಅಜ್ಜಿ ಕುರ್ಚಿಯ ಬೆನ್ನು ಹಿಡಿದು ಅಲ್ಲಾಡಿಸಿ ನೋಡಿ, ಆಮೇಲೆ ಕೂತ್ಲು. ಡಾಕ್ಟರು ಪೆನ್ನು ಬಾಯಲ್ಲಿಟ್ಕೊಂಡು ಕಾದ.

ಎಲ್ಲಾ ಒತ್ತಿ ನೋಡಿ, ಇನ್ಮೇಲೆ ಜಾಸ್ತಿ ಹೊತ್ತು ನಿಲ್ಲೋ ಹಾಗಿಲ್ಲ ಅಂದ. ಅಜ್ಜಿ ಮೆಲ್ಲಗೆ, ಒಂದು ಊಟದಷ್ಟು ಹೊತ್ತು ನಿಲ್ಲಬಹುದಾ ಅಂತ ಕೇಳಿದ್ಲು. ಊಟಕ್ಕೆ ಯಾಕೆ ನಿಲ್ಲಬೇಕು ಅಂತ ಅವನಿಗೆ ಅರ್ಥ ಆಗಲಿಲ್ಲ. ಅಲ್ಲಿಂದ ಶುರುವಾಯ್ತು ನೋಡಿ. ಮಗ ಅವನಪ್ಪನ ಊರು ಕೂರಲಿ ಡೈಲಾಗು ಹೇಳಿದ. ಸೊಸೆ ಅದನ್ನ ತಳ್ಳಿಹಾಕಿ, ನಿಂತು ತಿಂದ್ರೆ ಅನ್ನ ಕಾಲಿನವರೆಗೂ ಇಳಿಯುತ್ತೆ, ಹಬ್ಬದ ದಿನ ಜಾಸ್ತಿ ತಿಂತೀವಲ್ಲ, ಹಿರಿಯರು ಸುಮ್ನೆ ಮಾಡಿರಲ್ಲ ಅಂದ್ಲು. ಮಂಡಿ ಡಾಕ್ಟರ ಮುಂದೆ ಇದನ್ನ ಹೇಳೋಕೆ ಎದೆಗಾರಿಕೆ ಬೇಕು. ಕಟೌಟ್ ಸುಮ್ಮನಿರ್ತಾನಾ, ಹಿಂದೆ ಒಬ್ಬ ವಿಲನ್ ಅಂಗಡಿಗೆ ನುಗ್ಗಿ ಎಲ್ಲಾ ಕುರ್ಚಿ ಕಾಲು ಕಡಿದಿದ್ದ, ಅವನು ಸಿಗೋವರೆಗೂ ಈ ವಂಶ ಕೂರಲ್ಲ ಅಂತ ಶಪಥ ಆಗಿದೆ ಅಂದ. ಡಾಕ್ಟರು ಮೂವರನ್ನೂ ಬಿಟ್ಟು ಅಜ್ಜಿನ ನೋಡಿದ. ನೀವು ಹೇಳಿ ಅಂದ.

"ಮರೆತು ಹೋಗಿದೆ," ಅಂದ್ಲು ಅಜ್ಜಿ.

ಮೂವತ್ತು ವರ್ಷದ ಹಿಂದೆ ಯಾರ ಮದುವೆಯಲ್ಲಿ ಯಾವ ಕುರ್ಚಿಯ ತಿರುಪು ಕಳೆದಿತ್ತು ಅಂತ ನೆನಪಿರೋ ಹೆಂಗಸು ಅವಳು. ಮರೆತಳಂತೆ.

ಕೂತೇ ಊಟ ಮಾಡಿ ಅಂತ ಡಾಕ್ಟರು ಖಡಾಖಂಡಿತ ಹೇಳಿ ಕಳಿಸಿದ. ಮಗ ಅದನ್ನ ಆಜ್ಞೆ ತರ ತಗೊಂಡ. ಹಬ್ಬಕ್ಕೆ ವಾರ ಇರೋವಾಗ ಮನೆಗೆ ಡೈನಿಂಗ್ ಟೇಬಲ್ ಬಂತು. ಊರಿಗೆಲ್ಲ ಕುರ್ಚಿ ಕೊಟ್ಟ ಮನೆಗೆ ಸ್ವಂತದ್ದು ಅಂತ ಬಂದ ಮೊದಲ ಟೇಬಲ್. ಕಾಲು ಬಿಚ್ಚಿ, ಮೆಟ್ಟಿಲಲ್ಲಿ ಓರೆ ಮಾಡಿ, ಗೋಡೆಯ ಸುಣ್ಣ ಕೆರೆದು, ಬಾಯಿಗೆ ಬಂದ ಹಾಗೆ ಬೈಕೊಂಡು ಮೇಲೆ ಹತ್ತಿಸಿದ್ರು. ಅದರ ಕುರ್ಚಿಗಳನ್ನ ಹತ್ತಿಸೋಕೆ ಯಾರಿಗೂ ಉಸಿರು ಉಳಿದಿರಲಿಲ್ಲ. ಹಬ್ಬದ ದಿನ ತಂದ್ರಾಯ್ತು ಅಂತ ಕೆಳಗೇ ಬಿಟ್ರು. ಅಂಗಡಿಯಲ್ಲಿ ಜಾಗ ಎಲ್ಲಿದೆ, ಬಾಗಿಲ ಪಕ್ಕ ಇಟ್ರು.

ಅಜ್ಜಿ ಟೇಬಲ್ಲನ್ನ ಮುಟ್ಟಿ ನೋಡಿದ್ಲು. ಚೆನ್ನಾಗಿದೆ ಅಂದ್ಲು. ಆಮೇಲೆ ಕಿಟಕಿ ಹತ್ತಿರ ಹೋಗಿ, ಒದ್ದೆ ಬಟ್ಟೆ ತಗೊಂಡು, ಕಟ್ಟೆನ ಈ ತುದಿಯಿಂದ ಆ ತುದಿವರೆಗೂ ಒರೆಸಿದ್ಲು. ಬೆಳಿಗ್ಗೆ ತಾನೇ ಒರೆಸಿದ್ದ ಕಟ್ಟೆ. ರಾತ್ರಿ ಅಡುಗೆಗೆ ತರಕಾರಿ ಹೆಚ್ಚುತ್ತಾ ಸೊಸೆ ಹತ್ತಿರ, ಹಬ್ಬದ ದಿನ ನನಗೆ ಹಸಿವಿರಲ್ಲ ಅನ್ಸುತ್ತೆ ಕಣೆ, ನನ್ನ ಲೆಕ್ಕ ಹಿಡೀಬೇಡ ಅಂದ್ಲು. ಒಂದು ವಾರ ಮುಂಚೆನೇ ಹಸಿವಿರಲ್ಲ ಅಂತ ಹೇಳೋ ಹೊಟ್ಟೆನ ಸೊಸೆ ಎಲ್ಲೂ ನೋಡಿರಲಿಲ್ಲ. ಗಂಡನಿಗೆ ಹೇಳಿದ್ಲು. ಅವನು ಬಂದು ಅಮ್ಮನ ಕಾಲ ಹತ್ತಿರ ಕೂತು, ಇದೆಲ್ಲಾ ಯಾರಿಗೋಸ್ಕರ ಅಂತ ಕೇಳಿದ. ನನಗೋಸ್ಕರನೇ ಕಣಪ್ಪ, ಗೊತ್ತು, ಅಂದ್ಲು ಅಜ್ಜಿ.  ಅವನು ಎದ್ದು ಹೋದ.

ಅವಳಿಗೆ ಬೇಕಿದ್ದಿದ್ದು ತುಂಬಾ ಸಣ್ಣದು. ಆ ಕಿಟಕಿ ಹತ್ತಿರ, ಆ ಎಡಗಡೆಯ ಖಾಲಿ ಜಾಗದ ಪಕ್ಕ, ಇನ್ನೊಂದೇ ಒಂದು ಹಬ್ಬದ ಊಟ. ಮೊಮ್ಮಗ ಕೆಳಗೆ ಗಾಡಿ ತೊಳೀತಿದ್ದಾಗ ಅವನ ಹತ್ತಿರ ಮಾತ್ರ ಬಾಯಿ ಬಿಟ್ಲು.

"ಒಂದು ಊಟ. ಅಷ್ಟೇ ಕಣೋ. ಆಮೇಲೆ ನೀವು ಹೇಳಿದ ಕಡೆ ಕೂರ್ತೀನಿ."

ಆಗ ಕಟೌಟ್ ಏನು ಮಾಡಿದ ಗೊತ್ತಾ? ಬಕೆಟ್ ಕೆಳಗಿಟ್ಟ. ಕೈ ಒರೆಸಿಕೊಂಡ. ಸೂರ್ಯ ಬೆನ್ನ ಹಿಂದೆ ಬರೋ ಹಾಗೆ ತಿರುಗಿ ನಿಂತ.

"ಅಜ್ಜೀ, ಈ ಮನೆಗೆ ಟೇಬಲ್ ಬಂದಿರಬಹುದು. ಅದರ ಕುರ್ಚಿ ಮೆಟ್ಟಿಲು ಹತ್ತಬೇಕು ಅಂದ್ರೆ ಈ ಕಟೌಟ್‌ನ ದಾಟಿ ಹತ್ತಬೇಕು."

ಹಬ್ಬದ ದಿನ ಬೆಳಗಾಯ್ತು. ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಒಬ್ಬನಿಗೆ ಹಿಡಿಕೆ ಇರೋದು ಬೇಕು, ಇನ್ನೊಬ್ಬನಿಗೆ ಬಿಳೀದೇ ಬೇಕು, ಮತ್ತೊಬ್ಬ ಮಾವ ದಪ್ಪ ಇದಾರೆ ಗಟ್ಟಿ ನೋಡಿ ಕೊಡಿ ಅಂತಾನೆ. ಕಟೌಟ್ ಗಾಡಿ ತುಂಬಿಸಿ ಹೋಗ್ತಾನೆ, ಬರ್ತಾನೆ, ಮತ್ತೆ ತುಂಬಿಸ್ತಾನೆ. ಎಲ್ಲಾ ಖಾಲಿಯಾಯ್ತು ಅನ್ನೋ ಹೊತ್ತಿಗೆ ಎದುರು ಬೇಕರಿಯವನು ಅಂಗಿಗೆ ಹಿಟ್ಟು ಮೆತ್ತಿಕೊಂಡೇ ಓಡಿ ಬಂದ. ಕರೆದ ನೆಂಟರ ಜೊತೆ ಕರೆಯದೆ ಇರೋ ನೆಂಟರೂ ಬಂದುಬಿಟ್ಟಿದಾರೆ, ಮಾನ ಉಳಿಸಬೇಕು ಅಂದ. ಕಟೌಟ್ ಒಂದು ಕ್ಷಣ ಯೋಚನೆ ಮಾಡಿದ. ಕಣ್ಣು ಕಿರಿದಾಯ್ತು. ಬಾಗಿಲ ಪಕ್ಕ ನಿಂತಿದ್ದ ಹೊಚ್ಚ ಹೊಸ ಕುರ್ಚಿಗಳನ್ನ ಒಂದೊಂದಾಗಿ ಎತ್ತಿ ರಸ್ತೆ ದಾಟಿಸಿದ.

ಮಧ್ಯಾಹ್ನ ಅಡುಗೆ ಆಯ್ತು. ಮಗಳು ಅಳಿಯ ಬಂದ್ರು. ಟೇಬಲ್ ಮೇಲೆ ಸೊಸೆ ಹೊಸ ಬಟ್ಟೆ ಹಾಸಿದ್ಲು. ಮಗ ಕುರ್ಚಿ ತರೋಕೆ ಕೆಳಗೆ ಹೋದ. ಹೋದಷ್ಟು ಬೇಗ ವಾಪಸ್ ಬರಲಿಲ್ಲ. ಬಂದಾಗ ಕೈಯಲ್ಲಿ ಏನೂ ಇರಲಿಲ್ಲ.

"ಕುರ್ಚಿ ಎಲ್ಲೋ?"

"ಕೂತವರ ಕೆಳಗೆ," ಅಂದ ಕಟೌಟ್.

ಎಲ್ಲರೂ ಕಿಟಕಿಯಿಂದ ನೋಡಿದ್ರು. ಎದುರು ಮಹಡಿಯಲ್ಲಿ ಬೇಕರಿಯವನ ಅಪ್ಪ, ಹಲ್ಲಿಲ್ಲದ ಮುದುಕ, ಇವರ ಡೈನಿಂಗ್ ಕುರ್ಚಿಯಲ್ಲಿ ರಾಜನ ಹಾಗೆ ಕೂತು ಊಟ ಮಾಡ್ತಿದ್ದ. ಇವರನ್ನ ನೋಡಿ ಖುಷಿಯಿಂದ ಕೈ ಬೀಸಿದ. ಮಗನ ಮುಖ ಕೆಂಪಾಯ್ತು. ಎಬ್ಬಿಸ್ಕೊಂಡು ಬಾ ಅಂತ ಕಟೌಟ್‌ಗೆ ಹೇಳಿದ. ಹಬ್ಬದ ದಿನ ಉಣ್ಣೋ ಮುದುಕನ ಕೆಳಗಿಂದ ಕುರ್ಚಿ ಎಳೆಯೋ ಮನೆತನವಾ ನಮ್ಮದು ಅಂತ ಸೊಸೆ ತಡೆದ್ಲು. ಹಾಗಾದ್ರೆ ಮಂಚದ ಮೇಲೆ ಕೂತು ಉಣ್ಣಲಿ ಅಂದ. ಕಾಯಿಲೆಯವಳಾ ನಾನು ಅಂತ ಅಜ್ಜಿ ಕೇಳಿದ್ಲು. ಬಚ್ಚಲ ಸ್ಟೂಲು ತರ್ಲಾ ಅಂತ ಅಳಿಯ ಬಾಯಿ ಹಾಕಿದ. ಅತ್ತೆ ಒಂದೇ ಒಂದು ಸಲ ನೋಡಿದ್ಲು, ಅಳಿಯ ಪುಸ್ತಕದ ಕಪಾಟಿನ ಕಡೆ ತಿರುಗಿಬಿಟ್ಟ.

ಇವರೆಲ್ಲ ಹೀಗೆ ಮಾತಾಡ್ತಿರೋವಾಗಲೇ ಅಜ್ಜಿ ತಟ್ಟೆ ಎತ್ತಿಕೊಂಡು ಕಿಟಕಿಗೆ ಹೋಗಿ ಬಲಗಡೆ ನಿಂತುಬಿಟ್ಟಿದ್ಲು. ಇನ್ನೇನು ಮಾಡ್ತಾರೆ, ಉಳಿದವರೂ ಅವರವರ ಜಾಗಕ್ಕೆ ಹೋದ್ರು. ಮೆಷಿನ್ ಹತ್ತಿರ ಮಗ, ಬೀರು ಪಕ್ಕ ಸೊಸೆ, ಫ್ರಿಜ್ ಹತ್ತಿರ ಕಟೌಟ್. ಮಧ್ಯದಲ್ಲಿ ಆ ಹೊಸ ಟೇಬಲ್ ಒಂದೇ, ಶೂಟಿಂಗ್ ಮುಗಿದ ಮೇಲೆ ಉಳಿದ ಸೆಟ್ ತರ.

ಸ್ವಲ್ಪ ಹೊತ್ತು ಎಲ್ಲಾ ಮುಂಚಿನ ಹಾಗೇ ಇತ್ತು. ಮಗಳು ಅಳಿಯ ಜಗಳ ಶುರು ಮಾಡಿದ್ರು. ಕೆಳಗೆ ಬೀದಿಯಲ್ಲಿ ಹೊಸ ಬಟ್ಟೆಯ ಮಕ್ಕಳು ಓಡಿದ್ರು. ಬಿಸಿಲು ಕಟ್ಟೆ ಮೇಲೆ ಅದೇ ಜಾಗಕ್ಕೆ ಬಂದು ಬಿತ್ತು. ಬದುಕಿದ್ದಾಗ ಅಜ್ಜನಿಗೆ ಸಿಹಿ ಆಗ್ತಿರಲಿಲ್ಲ. ಹಾಗಂತ ಬಡಿಸೋರಿಗೆ ಬೇಡ ಅಂತಲೂ ಹೇಳ್ತಿರಲಿಲ್ಲ. ಹಾಕಿಸ್ಕೊಂಡು, ಹೊರಗೆ ಏನೋ ನೋಡೋ ನಾಟಕ ಮಾಡ್ತಾ, ಅಜ್ಜಿ ತಟ್ಟೆಗೆ ದಾಟಿಸಿಬಿಡ್ತಿದ್ದ. ಅವನ ಮೊಣಕೈ ಇವಳ ಮೊಣಕೈಗೆ ತಗಲೋದು. ಅಜ್ಜಿ ಇವತ್ತು ತನ್ನ ಸಿಹಿಯನ್ನ ತಟ್ಟೆಯ ಎಡ ಅಂಚಿಗೆ ಸರಿಸಿ ಇಟ್ಕೊಂಡಿದ್ಲು. ಆ ಕಡೆಯಿಂದ ಬಂದಿದ್ದು ಅನ್ನೋ ಹಾಗೆ.

ಆಮೇಲೆ ಮಂಡಿ ನಡುಗೋಕೆ ಶುರುವಾಯ್ತು. ಮೊದಲು ಸೀರೆ ನೆರಿಗೆ ಅಲ್ಲಾಡಿತು. ಅಜ್ಜಿ ಒಂದು ಕೈಯಿಂದ ಕಟ್ಟೆ ಹಿಡ್ಕೊಂಡ್ಲು. ಮಗ ನೋಡಿದ. ತುತ್ತು ಕೈಯಲ್ಲೇ ಉಳೀತು. ಬಾಯಿ ತೆರೆದ. ಸುಮ್ನಿರು ಅಂತ ಅಜ್ಜಿ ಕಣ್ಣಲ್ಲೇ ಹೇಳಿದ್ಲು. ಬಿದ್ರೆ ಇದೇ ಕೊನೆ ಅಂತ ಇಬ್ಬರಿಗೂ ಗೊತ್ತಿತ್ತು. ಇನ್ನರ್ಧ ತಟ್ಟೆ ಇತ್ತು.

ಆ ಹೊತ್ತಿಗೆ ಕಟೌಟ್ ರೂಮಲ್ಲಿ ಇರಲಿಲ್ಲ. ಮೆಟ್ಟಿಲ ಮೇಲೆ ಟಕ್ ಟಕ್ ಅಂತ ಸದ್ದು. ಎಂಟ್ರಿ. ಹೆಗಲ ಮೇಲೆ ಕುಂಟು ಕುರ್ಚಿ, ಅಂಗಿ ತುಂಬಾ ಜೇಡರ ಬಲೆ. ನೇರ ಬಂದು ಅದನ್ನ ಕಿಟಕಿ ಹತ್ತಿರ ಇಳಿಸಿ ಹೇಳಿದ:

"ಅಜ್ಜೀ, ಕಾಲು ಗಿಡ್ಡ ಇರಬಹುದು, ಮನಸ್ಸು ಉದ್ದ ಇದೆ. ಕೂತ್ಕೋ."

ಅಜ್ಜಿ ಆ ಕುರ್ಚಿನ ನೋಡಿದ್ಲು.  ಆಮೇಲೆ, ಜೀವನದಲ್ಲಿ ಮೊದಲ ಸಲ, ಬೆನ್ನ ಮೇಲೆ ಕೈ ಇಟ್ಟು ಅಲ್ಲಾಡಿಸಿ ನೋಡದೆ ಕೂತುಬಿಟ್ಲು.

ಕುರ್ಚಿ ಸುಮ್ಮನಿರುತ್ತಾ, ಹಿಂದಕ್ಕೆ ವಾಲಿತು. ತಟ್ಟೆ ಬೀಳೋ ಹಾಗಾಯ್ತು. ಸೊಸೆ ಅಯ್ಯೋ ಅಂದ್ಲು. ಮೆಷಿನ್ ಹತ್ತಿರ ನಿಂತಿದ್ದ ಮಗ ಎರಡೇ ಹೆಜ್ಜೆಗೆ ಬಂದು, ಹೊಸ ಬಟ್ಟೆ ಗಿಟ್ಟೆ ನೋಡದೆ, ಆ ಗಿಡ್ಡ ಕಾಲಿನ ಕೆಳಗೆ ತನ್ನ ಪಾದ ಕೊಟ್ಟ. ಕುರ್ಚಿ ನಿಂತಿತು. ಬಲಗಡೆಯಿಂದ ಬರೋಕೆ ಜಾಗ ಇಲ್ಲದೆ ಅವನು ಎಡಗಡೆಯಿಂದ ಬಂದಿದ್ದ. ಅವನಪ್ಪನ ಜಾಗದಲ್ಲಿ ನಿಂತಿದ್ದ.

ಅಜ್ಜಿ ಬಗ್ಗಿ ಮಗನ ಪಾದ ನೋಡಿದ್ಲು. ನೋಡ್ತಾ ನೋಡ್ತಾ ಭುಜ ಅಲ್ಲಾಡೋಕೆ ಶುರುವಾಯ್ತು. ಅಳ್ತಿದಾಳೆ ಅಂತ ಎಲ್ಲರೂ ಅಂದ್ಕೊಂಡ್ರು. ನಗ್ತಿದ್ಲು. ಕಣ್ಣಲ್ಲಿ ನೀರಿತ್ತು, ಅದು ಬೇರೆ ವಿಷಯ.

"ನಿಮ್ಮಪ್ಪ ಸುಳ್ಳು ಹೇಳ್ತಿದ್ರು ಕಣೋ," ಅಂದ್ಲು. "ಒಂದೂ ಉಳೀಲಿಲ್ಲ ಅಂತಿದ್ರಲ್ಲ. ಒಂದು ಉಳಿದಿತ್ತು. ಇದೇ."

ಆಮೇಲೆ ಕೂತಲ್ಲಿಂದಲೇ ಎಲ್ಲಾ ಹೇಳಿದ್ಲು. ಆ ವರ್ಷ ಊರಿಗೆಲ್ಲ ಕುರ್ಚಿ ಹೋಗಿದ್ದು ನಿಜ. ಇದನ್ನ ಮಾತ್ರ ಯಾರೂ ಮುಟ್ಟಲಿಲ್ಲ, ಕುಂಟು ಅಂತ. ನೆಲದ ಮೇಲೆ ಕೂರೋಣ ಅಂದ್ರೆ ನೆಲ ಎಲ್ಲಿತ್ತು, ಮಾರನೇ ದಿನ ಹೋಗಬೇಕಾದ ಪಾತ್ರೆ, ದೀಪ, ಮೇಜುಬಟ್ಟೆಯ ಗಂಟು ರೂಮಿನ ತುಂಬಾ. ಇರೋದು ಒಂದು ಕುರ್ಚಿ, ಮನೆಯಲ್ಲಿ ಇಬ್ಬರು ಹೆಂಗಸರು. ಒಬ್ಬಳು ಅಜ್ಜಿ, ಆಗ ಹೊಸ ಸೊಸೆ, ಹೊಟ್ಟೆಯಲ್ಲಿ ಈ ಮಗ. ಇನ್ನೊಬ್ಬಳು ಅವಳ ಅತ್ತೆ. ಬಸುರಿ ನೀನು, ಕೂತ್ಕೋ ಅಂತ ಅತ್ತೆ. ಹಿರಿಯರು ನೀವು, ಕೂತ್ಕೊಳ್ಳಿ ಅಂತ ಸೊಸೆ. ಕುರ್ಚಿ ನೋಡಿದ್ರೆ ಕುಂಟು. ಪ್ರೀತಿಗೆ ಹೇಳ್ತಿದಾರೋ, ಬಿದ್ದು ಸೊಂಟ ಮುರ್ಕೊಳ್ಳಲಿ ಅಂತ ಹೇಳ್ತಿದಾರೋ, ಒಬ್ಬರಿಗೊಬ್ಬರಿಗೆ ಗೊತ್ತಾಗ್ತಿರಲಿಲ್ಲ. ಅನ್ನ ಆರ್ತಾ ಬಂತು. ಕೊನೆಗೆ ಅಜ್ಜ ಬಂದು ಹೆಂಡತಿಗೆ ಹೇಳಿದ.

"ನೀನು ಕೂತ್ಕೋ. ಕಾಲು ನಾನು ಕೊಡ್ತೀನಿ."

ಅಂದವನೇ ಗಿಡ್ಡ ಕಾಲಿನ ಕೆಳಗೆ ಪಾದ ಇಟ್ಟು ನಿಂತ. ಅವನ ತಾಯಿ ಕೆನ್ನೆಗೆ ಕೈ ಹಚ್ಚಿ, ಹೊತ್ತು ಹೆತ್ತು ಸಾಕಿದವಳಿಗೆ ಒಂದು ದಿನವೂ ಹೀಗೆ ಕಾಲು ಕೊಡಲಿಲ್ಲವಲ್ಲೋ ನನ್ನಪ್ಪ ಅಂದ್ಲು. ತಮಾಷೆಗೆ ಅಂದಿದ್ದು. ಹಬ್ಬಕ್ಕೆ ಬಂದಿದ್ದ ನೆಂಟರೆಲ್ಲ ನಕ್ರು. ಹೊಸ ಸೊಸೆಗೆ ನಾಚಿಕೆಯಿಂದ ಕಿವಿ ಬಿಸಿಯಾಯ್ತು. ಕೂರಬೇಕು ಅಂತ ಪ್ರಾಣ ಹೋಗ್ತಿತ್ತು, ಸೊಂಟ ಬಿದ್ದು ಹೋಗ್ತಿತ್ತು. ಬಾಯಿ ಮಾತ್ರ ಬೇಡ ಅಂದುಬಿಡ್ತು. ತಟ್ಟೆ ತಗೊಂಡು ಕಿಟಕಿಗೆ ಹೋಗಿ ನಿಂತ್ಲು. ಅಜ್ಜ ಸ್ವಲ್ಪ ಹೊತ್ತು ಖಾಲಿ ಕುರ್ಚಿಗೆ ಕಾಲು ಕೊಟ್ಕೊಂಡು ಹಾಗೇ ನಿಂತಿದ್ದ. ಆಮೇಲೆ ಕಾಲು ತೆಗೆದು, ಬಂದು ಅವಳ ಎಡಗಡೆ ನಿಂತು ಊಟ ಮಾಡಿದ. ಅತ್ತೆನೂ ನಿಂತ್ಲು. ಮುಂದಿನ ವರ್ಷ ಯಾರೋ ತಮಾಷೆಗೆ ನಿಂತ್ರು, ಅದರ ಮುಂದಿನ ವರ್ಷ ಯಾರೂ ಯಾಕೆ ಅಂತ ಕೇಳಲಿಲ್ಲ.

ರಿಪೇರಿ ಮಾಡಿಸಿ ಅಂತ ಅಜ್ಜಿ ಎಷ್ಟೋ ಸಲ ಹೇಳಿದ್ದಳಂತೆ. ಇರಲಿ ಬಿಡು, ಒಂದಿನ ಕೂರ್ತೀಯ, ಆಗ ನನ್ನ ಕಾಲಿಗೆ ಕೆಲಸ ಬೇಡ್ವಾ ಅಂತಿದ್ದನಂತೆ ಅಜ್ಜ. ಪ್ರತಿ ವರ್ಷ ಹಬ್ಬದ ದಿನ ಕೂರಬೇಕು ಅಂತ ಇವಳು ಅಂದ್ಕೊಳ್ಳೋದು. ಪ್ರತಿ ವರ್ಷ ಮಕ್ಕಳ ಮುಂದೆ, ಸೊಸೆ ಮುಂದೆ, ಮೊಮ್ಮಗನ ಮುಂದೆ ಅದೇ ನಾಚಿಕೆ.

 ಮಗನ ಪಾದ ಕುರ್ಚಿ ಭಾರಕ್ಕೆ ಕೆಂಪಾಗಿತ್ತು. ತೆಗೀಲಾ ಅಂತ ಅವನೂ ಕೇಳಲಿಲ್ಲ, ತೆಗಿ ಅಂತ ಇವಳೂ ಹೇಳಲಿಲ್ಲ. ತಟ್ಟೆಯ ಎಡ ಅಂಚಲ್ಲಿದ್ದ ಸಿಹಿಯನ್ನ ಅಜ್ಜಿ ಕೊನೆಗೆ ತಿಂದ್ಲು. ಕೈ ತೊಳೆದ ಮೇಲೆ ಹೇಳಿದ್ಲು:

"ಇನ್ನು ಇದನ್ನ ರಿಪೇರಿ ಮಾಡಿಸಪ್ಪ. ಇದರ ಕೆಲಸ ಮುಗೀತು."

ಶುಭಂ ಅಂತ ಪರದೆ ಮೇಲೆ ಬರೋ ಜಾಗ ಇದು. ಎದ್ದು ಹೋಗಬೇಡಿ, ಸ್ವಲ್ಪ ಕೂತ್ಕೊಳ್ಳಿ. ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಕಟೌಟ್ ನಾನೇ. ನಿಮಗೆ ಮೊದಲೇ ಗೊತ್ತಿತ್ತು, ಇರಲಿ. ಸ್ಕೆಚ್ಚು ಗಿಚ್ಚು ಏನೂ ಇರಲಿಲ್ಲ. ಗಾಡಿ ತೊಳೀತಿದ್ದಾಗ ಅಜ್ಜಿ ಒಂದು ಊಟ ಅಷ್ಟೇ ಕಣೋ ಅಂದಾಗ ನಾನು ಹೇಳಿದ್ದು, ಹೂಂ ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬಾ, ನೀರು ಸಿಡಿಯುತ್ತೆ. ಆ ಡೈಲಾಗ್ ಎರಡು ದಿನ ಆದ ಮೇಲೆ ಸ್ನಾನ ಮಾಡೋವಾಗ ಹೊಳೀತು. ಬೇಕರಿಯವನು ಬಂದಾಗ ನನ್ನ ಕಣ್ಣು ಕಿರಿದಾಗಿದ್ದು ನಿದ್ದೆಗೆಟ್ಟಿದ್ದರಿಂದ. ಬಾಗಿಲ ಪಕ್ಕ ಕುರ್ಚಿ ಕಂಡಿತು, ಎತ್ತಿ ಕೊಟ್ಟೆ. ಅಜ್ಜನ ಕಾನೂನು ತಾನೇ, ನೋಡೋ ಹಾಗಿಲ್ಲ, ಕೇಳೋ ಹಾಗಿಲ್ಲ. ಅದು ನಮ್ಮ ಮನೆಯದೇ ಕುರ್ಚಿ ಅಂತ ನನಗೆ ತಿಳಿದಿದ್ದು ಅಪ್ಪ ಬರಿಗೈಯಲ್ಲಿ ಮೆಟ್ಟಿಲು ಹತ್ತಿ ಬಂದಾಗ. ಕೂತವರ ಕೆಳಗೆ ಅಂದಿದ್ದು ಭಯಕ್ಕೆ ಬಾಯಿಂದ ಬಿದ್ದಿದ್ದು.

ಕುಂಟು ಕುರ್ಚಿದು ಹೇಳೋಕೇ ನಾಚಿಕೆ. ಬೆಳಗಿನಿಂದ ಗಾಡಿ ಹತ್ತಿ ಇಳಿದು ನನ್ನ ಕಾಲು ಬಿದ್ದು ಹೋಗಿತ್ತು. ಅಜ್ಜಿ ಮಂಡಿ ನಡುಗಿದ್ದನ್ನ ನಾನು ನೋಡೇ ಇರಲಿಲ್ಲ. ಆ ಕುರ್ಚಿ ತಂದಿದ್ದು ನಾನು ಕೂರೋಕೆ. ಕಿಟಕಿ ಹತ್ತಿರ ಗಾಳಿ ಬರುತ್ತಲ್ಲ ಅಂತ ಅಲ್ಲಿ ಇಳಿಸಿ, ತಟ್ಟೆ ತರೋಕೆ ಫ್ರಿಜ್ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡೋಷ್ಟರಲ್ಲಿ ಅಜ್ಜಿ ಕೂತಾಗಿತ್ತು. ನಾನು ಆಗ ನಿಜವಾಗ್ಲೂ ಹೇಳಿದ ಡೈಲಾಗ್ ಇಷ್ಟೇ: ಅಜ್ಜೀ, ಅದು ನಂದು.

ಕುರ್ಚಿನ ಅಪ್ಪ ರಿಪೇರಿ ಮಾಡಿಸಿದ. ಮರದ ತುಂಡು ಜೋಡಿಸಿ, ವಾರ್ನಿಶ್ ಹೊಡೆದು, ಈಗ ಬಂಡೆ ತರ ನಿಲ್ಲುತ್ತೆ. ಈ ವರ್ಷ ಹಬ್ಬಕ್ಕೆ ಅಜ್ಜಿ ಅದರ ಮೇಲೆ ಕೂತ್ಲು, ನಾವೆಲ್ಲ ಸುತ್ತ ನಿಂತ್ವಿ. ಡೈನಿಂಗ್ ಟೇಬಲ್ ಮೇಲೆ ಪಾತ್ರೆಗಳಿದ್ವು. ಅದರ ಕುರ್ಚಿಗಳು ಅವರು ಕೇಳದೇನೇ ಬೇಕರಿಗೆ ಹೋಗಿದ್ವು. ಬಡಿಸೋಕೆ ಶುರು ಮಾಡಿದಾಗ ಅಪ್ಪ ಬಂದು ಎಡಗಡೆ ನಿಂತು, ಒಂದಿಷ್ಟೂ ಅಲ್ಲಾಡದ ಆ ಕುರ್ಚಿ ಕಾಲಿಗೆ ಪಾದ ಒತ್ತಿ ಇಟ್ಕೊಂಡ. ಮುಂದೆ ಈ ಮನೆಗೆ ಹೊಸದಾಗಿ ಬರೋರು ಯಾರಾದ್ರೂ ನೋಡಿದ್ರೆ ಯಾಕೆ ಅಂತ ಕೇಳ್ತಾರೆ. ಅಪ್ಪನ ಕಾಲು ಜೋಮು ಹಿಡಿದಾಗ ನನ್ನನ್ನ ಕರೆದ. ನಾನು ಹೋಗಿ ಕಾಲು ಕೊಟ್ಟೆ.